‘ಟಾಕ್’ಗೆ ‘ಅಬೌಟ್’ ಬೇಕು, ‘ಡಿಸ್ಕಸ್’ಗೆ ಏಕೆ ಬೇಡ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು):
ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ವಿಷಯವಾಗಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲು ಹತ್ತನೆಯ ತರಗತಿಯವರಿಗೆ ಹೇಳಿದ್ದೆ. ಹೆಚ್ಚಿನವರು ‘ದ ಫಾರ್ಮರ್ಸ್ ಡಿಸ್ಕಸ್ಡ್ ಅಬೌಟ್ ದ ವಾಟರ್’ ಎಂದೇ ಬರೆದಿದ್ದರು. ನಾನು ‘ಅಬೌಟ್’ ಹೊಡೆದುಹಾಕಿದಾಗ ಒಬ್ಬ ವಿದ್ಯಾರ್ಥಿನಿ, ‘ಟಾಕ್ಡ್ ಅಬೌಟ್’ ಸರಿಯಾದರೆ ಇದು ಹೇಗೆ ತಪ್ಪು ಎಂದು ಕೇಳಿದಳು. ಒಂದು ಸಕರ್ಮಕ, ಇನ್ನೊಂದು ಅಕರ್ಮಕ ಎಂದೆ. ಅದು ಹೆಸರಿಟ್ಟಂತಾಯಿತೇ ಹೊರತು ಕಾರಣ ಹೇಳಿದಂತಾಗಲಿಲ್ಲ. ಇದಕ್ಕೆ ನಿಯಮವಿದೆಯೇ, ಕಂಠಪಾಠವೇ ಗತಿಯೇ?

ಉತ್ತರ 1 (ಕೊಪ್ಪಳ):
ಮೇಡಂ, ಅರ್ಥವನ್ನು ನೋಡಿ ಊಹಿಸಬಹುದಾದ ನಿಯಮವಿಲ್ಲ. ‘ಅವೇಟ್’ ಮತ್ತು ‘ವೇಟ್’ ಎರಡೂ ಕಾಯುವುದೇ ಆದರೂ ಮೊದಲನೆಯದು ಕರ್ಮವನ್ನು ನೇರವಾಗಿ ಪಡೆಯುತ್ತದೆ, ಎರಡನೆಯದಕ್ಕೆ ‘ಫಾರ್’ ಬೇಕು. ಹಂಪಿ ಎಕ್ಸ್‌ಪ್ರೆಸ್ ‘ರೀಚಸ್ ಕೊಪ್ಪಳ’, ಆದರೆ ‘ಅರೈವ್ಸ್ ಅಟ್ ಕೊಪ್ಪಳ’. ‘ಆನ್ಸರ್ ದ ಲೆಟರ್’ ಎನ್ನುತ್ತೇವೆ, ‘ರಿಪ್ಲೈ’ ಬಂದರೆ ‘ಟು’ ಸೇರುತ್ತದೆ.

ಮಕ್ಕಳ ತಪ್ಪುಗಳಿಗೆ ಮಾತ್ರ ಒಂದು ಕ್ರಮವಿದೆ, ಏಕೆಂದರೆ ಅವರು ಕನ್ನಡದ ವಿಭಕ್ತಿಯನ್ನೇ ಇಂಗ್ಲಿಷಿಗೆ ಒಯ್ಯುತ್ತಾರೆ. ನಾವು ‘ನೀರಿನ ಬಗ್ಗೆ ಚರ್ಚಿಸಿದರು’ ಎನ್ನುವುದರಿಂದ ‘ಅಬೌಟ್’, ‘ಊರಿಗೆ ತಲುಪಿದೆ’ ಎನ್ನುವುದರಿಂದ ‘ರೀಚ್ಡ್ ಟು’, ‘ಅವನೊಂದಿಗೆ ಮದುವೆಯಾಯಿತು’ ಎನ್ನುವುದರಿಂದ ‘ಮ್ಯಾರೀಡ್ ವಿತ್’ ಬಂದುಬಿಡುತ್ತವೆ. ಹಾಡನ್ನು ಕೇಳುತ್ತೇವೆ, ಚಿತ್ರವನ್ನು ನೋಡುತ್ತೇವೆ; ಆದ್ದರಿಂದ ‘ಲಿಸನ್’ ಮುಂದಿನ ‘ಟು’, ‘ಲುಕ್’ ಮುಂದಿನ ‘ಅಟ್’ ಬಿಟ್ಟುಹೋಗುತ್ತವೆ. ‘ನನಗೆ ವಿವರಿಸಿದರು’ ಎಂಬುದು ‘ಎಕ್ಸ್‌ಪ್ಲೇನ್ಡ್ ಮಿ’ ಆಗುವುದು ಸ್ವಲ್ಪ ಬೇರೆ ಸಂಗತಿ: ಅಲ್ಲಿ ‘ಟೋಲ್ಡ್ ಮಿ’ ಎಂಬ ಸರಿಯಾದ ಇಂಗ್ಲಿಷೇ ದಾರಿ ತಪ್ಪಿಸುತ್ತದೆ.

ಉತ್ತರ 2 (ಬಳ್ಳಾರಿ):
ಕೊಪ್ಪಳದವರ ಮಾತು ಸರಿ, ಆದರೆ ದೋಷವನ್ನೆಲ್ಲ ಕನ್ನಡದ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷಿನ ನಾಮಪದಗಳೂ ಇದಕ್ಕೆ ಕಾರಣ. ‘ಡಿಸ್ಕಷನ್ ಅಬೌಟ್’, ‘ಆನ್ಸರ್ ಟು’, ‘ಎಂಟ್ರಿ ಇಂಟು’, ‘ಎಂಫಸಿಸ್ ಆನ್’, ‘ರಿಕ್ವೆಸ್ಟ್ ಫಾರ್’ ಇವೆಲ್ಲ ಸರಿಯೇ, ಏಕೆಂದರೆ ಆ ಭಾಷೆಯಲ್ಲಿ ನಾಮಪದವು ಕರ್ಮವನ್ನು ನೇರವಾಗಿ ಪಡೆಯಲಾರದು, ನಡುವೆ ಒಂದು ಪ್ರಿಪೊಸಿಷನ್ ಬೇಕೇ ಬೇಕು. ಅದೇ ಪದ ಕ್ರಿಯಾಪದವಾದಾಗಲೂ ನಾವು ಅದನ್ನು ಅಂಟಿಸಿಕೊಂಡೇ ಹೋಗುತ್ತೇವೆ. ಕಚೇರಿಗೆ ಬರುವ ರಜೆ ಅರ್ಜಿಗಳಲ್ಲಿ ‘ಐ ರಿಕ್ವೆಸ್ಟ್ ಫಾರ್ ಲೀವ್’ ಎಂದು ಪದವೀಧರರೂ ಬರೆಯುತ್ತಾರೆ. ‘ಫಾರ್’ ತೆಗೆಯಬೇಕು, ಇಲ್ಲವೇ ‘ಮೈ ರಿಕ್ವೆಸ್ಟ್ ಫಾರ್ ಲೀವ್’ ಎಂದು ನಾಮಪದವಾಗಿಸಬೇಕು. ‘ಡಿಪೆಂಡ್ ಆನ್’, ‘ಡಿಪೆಂಡೆನ್ಸ್ ಆನ್’ ಎಂಬಂತೆ ಎರಡೂ ಕಡೆ ಪ್ರಿಪೊಸಿಷನ್ ಇರುವ ಪದಗಳೂ ಉಂಟು, ಆದ್ದರಿಂದ ಇದನ್ನೂ ಪೂರ್ಣ ನಿಯಮವೆಂದು ನಂಬಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ‘ಸರ್ಚ್’ ಎಂಬುದನ್ನು ‘ಫಾರ್’ ಸಹಿತವಾಗಿಯೂ ರಹಿತವಾಗಿಯೂ ಕಂಡಿದ್ದೇನೆ. ಅದರಲ್ಲಿ ಯಾವುದು ಸರಿ?

ಉತ್ತರ 1 (ಕೊಪ್ಪಳ):
ಎರಡೂ ಸರಿ, ಆದರೆ ಕರ್ಮ ಬೇರೆ. ಪೊಲೀಸರು ‘ಸರ್ಚ್ಡ್ ದ ಹೌಸ್’ ಎಂದರೆ ಮನೆಯನ್ನು ಶೋಧಿಸಿದರು. ‘ಸರ್ಚ್ಡ್ ಫಾರ್ ದ ಹೌಸ್’ ಎಂದರೆ ಮನೆ ಎಲ್ಲಿದೆಯೆಂದು ಹುಡುಕಿದರು. ಸಭೆಗೆ ಹಾಜರಾದರೆ ‘ಅಟೆಂಡ್’, ದೂರಿನ ಕಡೆ ಗಮನ ಕೊಟ್ಟರೆ ‘ಅಟೆಂಡ್ ಟು’. ಕೋಣೆಯನ್ನು ‘ಎಂಟರ್’ ಮಾಡುತ್ತೇವೆ, ಒಪ್ಪಂದಕ್ಕೆ ಮಾತ್ರ ‘ಎಂಟರ್ ಇಂಟು’.

ಹೀಗಾಗಿ ಕಲಿಯುವವರ ನಿಘಂಟು ಅನಿವಾರ್ಯ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ ಸಿದ್ಧಪಡಿಸಿ 1942ರಲ್ಲಿ ಅಲ್ಲಿಯೇ ಪ್ರಕಟವಾದ ನಿಘಂಟು ಕ್ರಿಯಾಪದಗಳ 25 ವಾಕ್ಯಮಾದರಿಗಳನ್ನು ಗುರುತಿಸಿತ್ತು. ಕ್ರಿಯಾಪದದ ಜೊತೆಗೇ ಅದರ ಪ್ರಿಪೊಸಿಷನ್ನನ್ನೂ ತೋರಿಸುವ ಪದ್ಧತಿ ಇಂದಿನ ಕಲಿಕಾ ನಿಘಂಟುಗಳಲ್ಲಿ ಸಾಮಾನ್ಯವಾಗಿದೆ. ಮಕ್ಕಳ ನೋಟ್‌ಬುಕ್ಕಿನಲ್ಲಿಯೂ ‘ಲಿಸನ್’ ಎಂದಷ್ಟೇ ಬರೆಸದೆ ‘ಲಿಸನ್ ಟು ದ ರೇಡಿಯೊ’ ಎಂದು ಕರ್ಮಸಹಿತವಾಗಿ ಬರೆಸಿರಿ.

ಉತ್ತರ 2 (ಬಳ್ಳಾರಿ):
ಕರ್ಮಣಿ ಪ್ರಯೋಗವನ್ನೂ ಅದರ ಪಕ್ಕದಲ್ಲೇ ಬರೆಸಿರಿ, ಮೇಡಂ. ‘ದ ಮ್ಯಾಟರ್ ವಾಸ್ ಡಿಸ್ಕಸ್ಡ್’ ಅಲ್ಲಿಗೇ ಮುಗಿಯುತ್ತದೆ, ‘ದ ಮ್ಯಾಟರ್ ವಾಸ್ ಟಾಕ್ಡ್ ಅಬೌಟ್’ ಎಂಬಲ್ಲಿ ಕರ್ಮವು ಮುಂದಕ್ಕೆ ಹೋದರೂ ‘ಅಬೌಟ್’ ಕೊನೆಯಲ್ಲಿ ಉಳಿಯುತ್ತದೆ. ನಿಮ್ಮ ವಿದ್ಯಾರ್ಥಿನಿಗೆ ಎರಡರ ವ್ಯತ್ಯಾಸ ಅಲ್ಲಿ ಕಣ್ಣಿಗೇ ಕಾಣುತ್ತದೆ.