ಚಳಿಗಾಲದಲ್ಲಿ ಶಾರ್ಪ್, ಬೇಸಿಗೆಯಲ್ಲಿ ಮಬ್ಬು: ನನ್ನ ಲೆನ್ಸ್ ಕೆಟ್ಟಿದೆಯಾ?

ಕೆರೆದಂಡೆ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ವರ್ಷವಿಡೀ ಒಂದೇ ವನ್ಯಧಾಮಕ್ಕೆ ಹೋಗುತ್ತೇನೆ. ಅದೇ ಕೆರೆ, ನೀರಿನಾಚೆ ಅದೇ ಒಣಮರ, ಸುಮಾರು 80 ಮೀಟರ್ ದೂರ. ಚಳಿಗಾಲದಲ್ಲಿ ಆ ಮರದ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆಯನ್ನು ತೆಗೆದರೆ ಕೊಕ್ಕಿನ ತುದಿಯ ಕೊಂಡಿ ಕೂಡ ಎದ್ದು ಕಾಣುತ್ತಿತ್ತು. ಈಗ ಬೇಸಿಗೆ. ಅದೇ ಹಕ್ಕಿ, ಅದೇ ಕೊಂಬೆ, ಆದರೆ ಗರಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಣ್ಣ ಬಳಿದ ಹಾಗಿವೆ.

ಡಿಎಸ್‌ಎಲ್‌ಆರ್, 600 ಎಂಎಂವರೆಗಿನ ಜೂಮ್. ಶಟರ್ 1/1000 ಇದ್ದದ್ದನ್ನು 1/3200ಕ್ಕೆ ಏರಿಸಿದೆ. ಟ್ರೈಪಾಡ್ ಹಾಕಿದೆ. ಏನೂ ಪ್ರಯೋಜನವಿಲ್ಲ. ಸರ್ವಿಸ್ ಸೆಂಟರ್‌ಗೆ ಕೊಟ್ಟರೆ ಮೂರು ವಾರ ಇಟ್ಟುಕೊಂಡು "ಲೆನ್ಸ್ ಸರಿಯಾಗಿದೆ" ಅಂತ ವಾಪಸ್ ಕೊಟ್ಟರು. ಬೆಳಕು ಜಾಸ್ತಿ ಇರುವಾಗ ಫೋಟೋ ಇನ್ನೂ ಚೆನ್ನಾಗಿ ಬರಬೇಕಲ್ವಾ?

ಗರಿಗಣ್ಣು:
ಮುಂದೆ ಯುವಿ ಫಿಲ್ಟರ್ ಇದ್ದರೆ ಮೊದಲು ಕಿತ್ತುಹಾಕಿ. ಉದ್ದ ಲೆನ್ಸಿನ ಮೇಲೆ ಅಗ್ಗದ ಫಿಲ್ಟರ್ ಇದ್ದರೆ ಹೀಗೇ ಆಗುತ್ತದೆ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಕೂಡ ಆಫ್ ಮಾಡಿ ನೋಡಿ.

ಕೆರೆದಂಡೆ:
ಎರಡೂ ಮಾಡಿ ನೋಡಿದೆ ಸರ್. ಅದೇ ಕಥೆ.

ಹಳೇಟ್ರೈಪಾಡ್:
ಎಷ್ಟು ಹೊತ್ತಿಗೆ ತೆಗೆಯುತ್ತೀರಿ?

ಕೆರೆದಂಡೆ:
ಹನ್ನೊಂದರಿಂದ ಎರಡು ಗಂಟೆ. ನಿಜ ಹೇಳಬೇಕೆಂದರೆ ಬೆಳಗ್ಗೆ ಬೇಗ ಏಳುವುದು ನನ್ನ ಕೈಲಾಗಲ್ಲ. ಆದರೆ ಚಳಿಗಾಲದಲ್ಲೂ ಇದೇ ಹೊತ್ತಿಗೆ ಹೋಗುತ್ತಿದ್ದೆ.

ಹಳೇಟ್ರೈಪಾಡ್:
ಹಾಗಾದರೆ ನಿಮ್ಮ ಲೆನ್ಸ್ ಪಾಪ, ಅದರದ್ದೇನೂ ತಪ್ಪಿಲ್ಲ. ಇದು ಬಿಸಿಲಿನ ಝಳ.

ಟಾರ್ ರಸ್ತೆಯ ಮೇಲೆ ಮಧ್ಯಾಹ್ನ ಗಾಳಿ ನಡುಗುವುದನ್ನು ನೋಡಿದ್ದೀರಲ್ಲ, ಅದೇ ಇದು. ಕಾದ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ತಣ್ಣಗಿನ ಗಾಳಿ ಅದರ ಜಾಗಕ್ಕೆ ನುಗ್ಗುತ್ತದೆ. ಬಿಸಿ ಗಾಳಿ ಬೆಳಕನ್ನು ಬಗ್ಗಿಸುವ ರೀತಿ ಬೇರೆ, ತಣ್ಣನೆ ಗಾಳಿಯದು ಬೇರೆ. 80 ಮೀಟರ್ ಉದ್ದಕ್ಕೂ ಹೀಗೆ ಬಾಗಿ ಬಾಗಿ ಬಂದ ಬೆಳಕು ನಿಮ್ಮ ಸೆನ್ಸರ್ ಮೇಲೆ ಬೀಳುತ್ತದೆ. ಬರಿಗಣ್ಣಿಗೆ ಗೊತ್ತಾಗದೇ ಇರಬಹುದು, ಆದರೆ 600 ಎಂಎಂ ಹಕ್ಕಿಯ ಜೊತೆ ಈ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಶಟರ್ ಏರಿಸಿದರೆ ಹೋಗಲ್ಲ. ಚಿತ್ರ ನಿಮ್ಮ ಹತ್ತಿರ ಬರುವಷ್ಟರಲ್ಲೇ ಕೆಟ್ಟಿರುತ್ತದೆ. ನೀವು ಕೆಟ್ಟ ಚಿತ್ರವನ್ನೇ 1/3200 ಸೆಕೆಂಡಿನಲ್ಲಿ ಹಿಡಿಯುತ್ತಿದ್ದೀರಿ, ಅಷ್ಟೇ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಮಧ್ಯಾಹ್ನ ಟ್ರೈಪಾಡ್ ಹಾಕಿ ಆ ಒಣಮರದ ತೊಗಟೆಗೆ ಫೋಕಸ್ ಮಾಡಿ. ಆಮೇಲೆ ಮ್ಯಾನುಯಲ್ ಫೋಕಸ್‌ಗೆ ಹಾಕಿ, ಏನನ್ನೂ ಮುಟ್ಟದೆ ಹತ್ತು ಫ್ರೇಮ್ ತೆಗೆಯಿರಿ. ಹತ್ತೂ ಒಂದೇ ರೀತಿ ಮಬ್ಬಾಗಿದ್ದರೆ ಫೋಕಸ್ ಅಥವಾ ಲೆನ್ಸ್. ಎಲ್ಲವೂ ಒಂದು ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ನಡುಕ ಅಥವಾ ಟ್ರೈಪಾಡ್ ಸಡಿಲ. ಒಂದೊಂದು ಫ್ರೇಮ್ ಒಂದೊಂದು ರೀತಿ ಇದ್ದರೆ ಗಾಳಿ. ಅದೇ ಪರೀಕ್ಷೆಯನ್ನು ಒಂದೇ ಒಂದು ದಿನ ಸೂರ್ಯ ಹುಟ್ಟುವ ಹೊತ್ತಿಗೂ ಮಾಡಿ. ಅಲಾರಂ ಇಡಿ!

ಕೆರೆದಂಡೆ:
ಎದ್ದೆ ಸರ್. ಮನೆಯವರಿಗೆಲ್ಲ ಆಶ್ಚರ್ಯ.

ಮಧ್ಯಾಹ್ನದ ಹತ್ತು ಫ್ರೇಮ್‌ಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ತೊಗಟೆಯ ಬಿರುಕು ನೆಟ್ಟಗಿದೆ, ಮುಂದಿನದರಲ್ಲಿ ಅದೇ ಬಿರುಕು ಹಾವಿನ ಹಾಗೆ ಸೊಟ್ಟ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಹಿಂದಿನ ಪರದೆಯಲ್ಲಿ, ಹಿಗ್ಗಿಸಿ ನೋಡಿದರೆ ಮರ ಹರಿಯುವ ನೀರಿನ ಕೆಳಗೆ ಇದ್ದ ಹಾಗಿತ್ತು. ಬೆಳಗ್ಗೆ ಆರೂವರೆಗೆ ಲೈವ್ ವ್ಯೂನಲ್ಲೇ ಫೋಕಸ್ ಮಾಡಿ ತೆಗೆದ ಹತ್ತಕ್ಕೆ ಹತ್ತೂ ಶಾರ್ಪ್.

ಆದರೆ ಒಂದು ಸಂಶಯ ಉಳಿದಿದೆ. ಅದೇ ಬೆಳಗ್ಗೆ ವ್ಯೂಫೈಂಡರ್‌ನಲ್ಲಿ ನೋಡಿ ಮೂರು ಮೀಟರ್ ದೂರದ ಏರೋಪ್ಲೇನ್ ಚಿಟ್ಟೆಯನ್ನೂ ತೆಗೆದೆ. ಅದು ಮಬ್ಬು. ಮೂರು ಮೀಟರ್‌ನಲ್ಲಿ, ಬೆಳಗಿನ ತಂಪಿನಲ್ಲಿ, ಯಾವ ಝಳ?

ಏಳುಚುಕ್ಕೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ಆ ಫೋಟೋದಲ್ಲಿ ಎಲ್ಲಿಯೂ ಫೋಕಸ್ ಇಲ್ಲವಾ? ಅಥವಾ ಚಿಟ್ಟೆಯ ಹಿಂದೆಯೋ ಮುಂದೆಯೋ ಇದೆಯಾ?

ಕೆರೆದಂಡೆ:
ಈಗ ಸರಿಯಾಗಿ ನೋಡಿದೆ ಮೇಡಂ. ಹಿಂದಿನ ಹುಲ್ಲುಕಡ್ಡಿ ಶಾರ್ಪ್ ಇದೆ! ಅದರ ಮೇಲಿನ ಇಬ್ಬನಿ ಹನಿಗಳು ಎಣಿಸುವ ಹಾಗಿವೆ.

ಏಳುಚುಕ್ಕೆ:
ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್, ಅಂದರೆ ಆಟೋಫೋಕಸ್ ನಿಲ್ಲುವ ಜಾಗವನ್ನು ಸ್ವಲ್ಪ ಹಿಂದೆ ಮುಂದೆ ಸರಿಸುವ ಸೆಟ್ಟಿಂಗ್, ಏನಾದರೂ ಬದಲಾಯಿಸಿದ್ದೀರಾ?

ಕೆರೆದಂಡೆ:
ಅಯ್ಯೋ. ಹೌದು. ಬೇಸಿಗೆ ಶುರುವಾದಾಗ ಒಂದು ವಿಡಿಯೋ ನೋಡಿಕೊಂಡು, ಮಧ್ಯಾಹ್ನ ಅದೇ ನೀರುಕಾಗೆಯ ಮೇಲೆ ಹೊಂದಿಸಿದ್ದೆ. +12 ಇದೆ. ಸರ್ವಿಸ್‌ಗೆ ಲೆನ್ಸ್ ಮಾತ್ರ ಕೊಟ್ಟಿದ್ದೆ, ಕ್ಯಾಮೆರಾ ಮನೆಯಲ್ಲೇ ಇತ್ತು.

ಹಳೇಟ್ರೈಪಾಡ್:
ನಗಬಾರದು, ಆದರೂ ನಗು ಬಂತು. ನಾನೂ ಒಮ್ಮೆ ಹೀಗೇ ಮಾಡಿಕೊಂಡಿದ್ದೆ. ಝಳದಲ್ಲಿ ಆಟೋಫೋಕಸ್‌ಗೂ ನಡುಗುವ ಚಿತ್ರವೇ ಸಿಗುವುದು, ಅದೂ ಹಿಂದೆ ಮುಂದೆ ತಡಕಾಡುತ್ತದೆ. ಅಂಥ ಹೊತ್ತಿನಲ್ಲಿ ಟ್ಯೂನ್ ಮಾಡುವುದು ಓಡುವ ಬಸ್ಸಿನಲ್ಲಿ ತಕ್ಕಡಿ ಹಿಡಿದ ಹಾಗೆ. ಗಾಳಿಯ ತಪ್ಪನ್ನು ಕ್ಯಾಮೆರಾದ ತಲೆಗೆ ಕಟ್ಟಿದ್ದೀರಿ.

ಸೊನ್ನೆಗೆ ತನ್ನಿ. ಬೆಳಗ್ಗೆ ನೆರಳಿನಲ್ಲಿ, ಹತ್ತು ಮೀಟರ್ ದೂರದ ಯಾವುದಾದರೂ ಅಕ್ಷರ ಇರುವ ಫಲಕವನ್ನು ವ್ಯೂಫೈಂಡರ್‌ನಲ್ಲೊಮ್ಮೆ, ಲೈವ್ ವ್ಯೂನಲ್ಲೊಮ್ಮೆ ಫೋಕಸ್ ಮಾಡಿ ತೆಗೆಯಿರಿ. ಲೈವ್ ವ್ಯೂ ಸೆನ್ಸರ್ ಮೇಲೆಯೇ ಫೋಕಸ್ ನೋಡುತ್ತದೆ, ಟ್ಯೂನ್ ಅದಕ್ಕೆ ತಟ್ಟಲ್ಲ. ಎರಡೂ ಒಂದೇ ಥರ ಬಂದರೆ ಆ ಮೆನುವನ್ನು ಮರೆತುಬಿಡಿ.

ಇನ್ನೊಂದು ಮಾತು, ಮುಂದಿನ ಚಳಿಗಾಲಕ್ಕೆ. ಬೆಚ್ಚಗಿನ ಕಾರಿನಿಂದ ಲೆನ್ಸ್ ತೆಗೆದ ತಕ್ಷಣ ಹೊರಗಿನ ಚಳಿಯಲ್ಲಿ ಕ್ಲಿಕ್ಕಿಸಿದರೆ ಹುಡ್‌ನ ಒಳಗೇ ಸಣ್ಣ ಝಳ ಏಳುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಶುರು ಮಾಡಿ. ಕಾರಿನ ಕಿಟಕಿಯಿಂದ ತೆಗೆಯುವಾಗಲೂ ಅಷ್ಟೇ, ಹೀಟರ್, ಎಂಜಿನ್ ಎರಡೂ ಆಫ್.

ಏಳುಚುಕ್ಕೆ:
ಏರೋಪ್ಲೇನ್ ಚಿಟ್ಟೆಗೆ ನನ್ನದೊಂದು ಸಲಹೆ. ಸೆನ್ಸರ್ ಅದರ ಮೈಗೆ ಸಮಾನಾಂತರ ಇರಲಿ, ಪಕ್ಕದಿಂದ ತೆಗೆಯಿರಿ. ಮ್ಯಾಕ್ರೋ ಲೆನ್ಸ್ ತೆಗೆದುಕೊಂಡರಂತೂ ಇದು ತುಂಬಾ ಮುಖ್ಯ. ಫುಲ್ ಫ್ರೇಮ್‌ನಲ್ಲಿ 1:1 ಅಳತೆಗೆ (ಹುಳು ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ) ಅಪರ್ಚರ್ ಎಫ್/8 ಇಟ್ಟರೂ ಫೋಕಸ್‌ನಲ್ಲಿ ಉಳಿಯುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಕಣ್ಣು ಸಿಕ್ಕರೆ ಬಾಲ ಹೋಯಿತು.

ಹುಳುಗಳಿಗೂ ಬೆಳಗ್ಗೆಯೇ ಒಳ್ಳೆಯದು. ಮೈ ಬಿಸಿಯಾಗುವ ತನಕ ಹಾರಲಾರವು, ಇಬ್ಬನಿ ಹೊತ್ತು ಸುಮ್ನೆ ಕೂತಿರುತ್ತವೆ. ಹಾಗಂತ ಕಡ್ಡಿ ಕಿತ್ತು ಬೇಕಾದ ಕಡೆ ನೆಡಬೇಡಿ, ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಧ್ಯಾಹ್ನವೇ ಹೋಗಬೇಕಾಗಿ ಬಂದರೆ ದೂರದ ಹಕ್ಕಿ ಬಿಟ್ಟು ಕಾಲ ಬುಡದಲ್ಲಿ ಹುಡುಕಿ. ಸುಡು ಬಿಸಿಲಿನಲ್ಲಿ ಕೆಲವು ಜಾತಿಯ ಏರೋಪ್ಲೇನ್ ಚಿಟ್ಟೆಗಳು ಬಾಲವನ್ನು ನೆಟ್ಟಗೆ ಸೂರ್ಯನ ಕಡೆ ಎತ್ತಿ ನಿಲ್ಲುತ್ತವೆ, ಮೈಗೆ ಬಿಸಿಲು ಕಡಿಮೆ ತಾಗಲಿ ಅಂತ. ಆ ಭಂಗಿ ಬೆಳಗ್ಗೆ ಸಿಗಲ್ಲ.

ಕೆರೆದಂಡೆ:
ಸೊನ್ನೆಗೆ ತಂದೆ. ಫಲಕದ ಅಕ್ಷರ ಎರಡರಲ್ಲೂ ಒಂದೇ ಥರ. ನಿನ್ನೆ ಬೆಳಗ್ಗೆ ನೀರುಕಾಗೆ ಸಿಕ್ಕಿತು, ಕೊಕ್ಕಿನ ಕೊಂಡಿ ಸಮೇತ. ಮಧ್ಯಾಹ್ನ ಬಾಲ ಎತ್ತಿದ ಚಿಟ್ಟೆಯೂ ಸಿಕ್ಕಿತು, ಆದರೆ ಅದರ ಮುಂದೆ ಮಂಡಿಯೂರಿ ಹತ್ತು ನಿಮಿಷ ಕೂತ ಮೇಲೆ ಗೊತ್ತಾಯಿತು, ಮೆಮೊರಿ ಕಾರ್ಡ್ ಮನೆಯ ಲ್ಯಾಪ್‌ಟಾಪ್‌ನಲ್ಲೇ ಇದೆ ಅಂತ. ಬೆಳಗ್ಗೆಯ ಹಕ್ಕಿ ಹೇಗೆ ಬಂದಿದೆ ಅಂತ ನೋಡಲು ನಡುವೆ ಮನೆಗೆ ಹೋಗಿದ್ದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಲ್ಲ ಬಿಡಿ.