ಸಾಸವಡದ 10 ಗುಂಟೆ, ಕೋಥ್ರೂಡಿನ 15 ಮನೆ: ವಾರದ ಬುಟ್ಟಿ ತಪ್ಪದಂತೆ ಬಿತ್ತೋದು ಹೆಂಗ?

ಪ್ರಶ್ನೆ: ಪುಣೆ ಹತ್ರದ ಸಾಸವಡದಾಗ 10 ಗುಂಟೆ, ಬೋರಿನ ನೀರು. ಮಾರ್ಕೆಟ್ ಯಾರ್ಡಿಗೆ ಹಾಕದೆ ಪುಣೆ ಊರೊಳಗಿನ ಕೋಥ್ರೂಡಿನ 15 ಕನ್ನಡದ ಮನೆಗಳಿಗೆ ಭಾನುವಾರಕ್ಕೊಮ್ಮೆ ಕಾಯಿಪಲ್ಲೆ ಮುಟ್ಟಿಸಬೇಕು. ರಾಸಾಯನಿಕ ಬ್ಯಾಡ. ಒಂದು ವಾರ ರಾಶಿ, ಮುಂದಿನ ವಾರ ಖಾಲಿ ಆಗಬಾರದು. ಮೆಂತ್ಯ, ಪಾಲಕ, ಕೋತಂಬರಿ, ಬೆಂಡಿ ಹಾಕಲೇನ್ರಿ?

ಏರುಮಡಿ (ಉತ್ತರ ಕೊಟ್ಟವರ ಹೆಸರು): ಬೆಂಡಿ ಮೊದಲು ಪಟ್ಟಿಯಿಂದ ತೆಗೀರಿ. ಅದನ್ನ ದಿನ ಬಿಟ್ಟು ದಿನ ಹರೀಬೇಕು, ಭಾನುವಾರದ ತನಕ ಬಿಟ್ರ ನಾರಾಗತದ. ಅದರ ಬದಲಿಗೆ ಬದನಿ, ಕುಂಬಳ, ಗೆಣಸು ಹಾಕ್ರಿ, ನಾಕು ದಿನ ತಡೀತಾವ.

ಮೆಂತ್ಯಕ್ಕ 3 ಅಡಿ ಅಗಲ, 30 ಅಡಿ ಉದ್ದದ ಐದು ಮಡಿ ಮಾಡ್ರಿ. ವಾರಕ್ಕೊಂದು ಮಡಿ ಬಿತ್ತರಿ, ಬೀಜ 60-80 ಗ್ರಾಂ. ನಾಕು ವಾರಕ್ಕ ಕಿತ್ತು, ಐದನೇ ವಾರ ಕೊಟ್ಟಿಗೆ ಗೊಬ್ಬರ ಹಾಕಿ ಮತ್ತ ಬಿತ್ತರಿ. ಮಡಿಗೆ ಐದಾರು ಕಿಲೋ ಬಂದ್ರೂ 15 ಕಟ್ಟು ಆಗತಾವ. ಪಾಲಕ ಮೂರ್ನಾಲ್ಕು ಸಲ ಕೊಯ್ಯಬಹುದು, ಮೂರು ವಾರಕ್ಕೊಂದು ಹೊಸ ಮಡಿ ಸಾಕು. ಕೋತಂಬರಿ ಬೀಜ ತಿಕ್ಕಿ ಎರಡು ಹೋಳು ಮಾಡಿ, ರಾತ್ರಿ ನೆನಸಿ ಹಾಕ್ರಿ. ಏಪ್ರಿಲ್-ಮೇದಾಗ ಸೊಪ್ಪು ತುಂಬೋ ಮೊದಲೇ ಹೂವಿಗೆ ಹೋಗತದ, 50% ನೆರಳು ಬಲೆ ಇರದಿದ್ರ ಆ ಎರಡು ತಿಂಗಳು ಬಿಟ್ಟುಬಿಡ್ರಿ.

ಸೊಪ್ಪಿಗೆಲ್ಲ ದಾರಿ ಸೇರಿ ಎರಡು ಗುಂಟೆ ದಾಟೂದಿಲ್ಲ. ಮಳಿಗಾಲಕ್ಕ ಮಡಿ ಒಂದು ಗೇಣು ಎತ್ತರ ಇರಲಿ, ನೀರು ನಿಂತ್ರ ಮೆಂತ್ಯ ಬುಡದಾಗ ಕೊಳೀತದ. ಜೂನದಾಗ ಹೀರಿ, ಹಾಗಲ ಹಂದರಕ್ಕ ಹಬ್ಬಸ್ರಿ. ಖಾಲಿ ಗುಂಟೆಗೆ ಹಸಿರು ಗೊಬ್ಬರಕ್ಕಂತ ಸೆಣಬು ಬಿತ್ತಿ, ಹೂ ಕಾಣೂ ಹೊತ್ತಿಗೆ ಮಣ್ಣಿಗೆ ತಿರುವ್ರಿ.

ಹನಿನೀರು (ಉತ್ತರ ಕೊಟ್ಟ ಇನ್ನೊಬ್ಬರು): ಮಡಿಗೆ ಎರಡು 16 ಮಿ.ಮೀ. ಪೈಪು, 30 ಸೆಂ.ಮೀ.ಗೊಂದು, ಗಂಟೆಗೆ 2 ಲೀಟರು ಬಿಡುವ ಡ್ರಿಪ್ಪರು. ಒಂದು ಮಡಿಗೆ ಗಂಟೆಗೆ ಸುಮಾರು 120 ಲೀಟರು ಬೀಳುತ್ತೆ. ಬೇಸಿಗೆಯಲ್ಲೂ ದಿನಕ್ಕೆ 25 ನಿಮಿಷ ಸಾಕು. ಆದರೆ ಮೊಳಕೆ ಬರುವ ತನಕ ಝಾರಿಯಲ್ಲೇ ನೀರು ಕೊಡಿ, ಪೈಪುಗಳ ನಡುವಿನ ಬೀಜ ಡ್ರಿಪ್ಪಿನಲ್ಲಿ ನೆನೆಯುವುದಿಲ್ಲ.

ಪ್ರಶ್ನೆ ಕೇಳಿದವರು: ಜೀವಾಮೃತ (ಸಗಣಿ, ಗಂಜಲ ಕೊಳೆಸಿದ ನೀರು) ಡ್ರಿಪ್ಪಿನಾಗ ಬಿಡಬಹುದಾ?

ಹನಿನೀರು: ಎರಡು ಸಲ ಬಟ್ಟೆಯಲ್ಲಿ ಸೋಸಿದರೂ ಡ್ರಿಪ್ಪರು ಕಟ್ಟಿಕೊಳ್ಳುವ ಭಯ ಇದ್ದೇ ಇದೆ, ಬೋರಿನ ಗಡಸು ನೀರಾದರೆ ಇನ್ನೂ ಬೇಗ. ನನ್ನ ಮಾತು ಕೇಳಿದರೆ ತಂಬಿಗೆಯಲ್ಲೇ ಬುಡಕ್ಕೆ ಹಾಕಿ. ಪೈಪಿನ ತುದಿ ಮುಚ್ಚಳ ವಾರಕ್ಕೊಮ್ಮೆ ತೆಗೆದು ನೀರು ಹರಿಬಿಡಿ.

ಜೀವಾಮೃತ ಮಾಡಲು 10 ಗುಂಟೆಗೆ 50 ಲೀಟರು ನೀರು, 2.5 ಕಿಲೋ ಸಗಣಿ, 2.5 ಲೀಟರು ಗಂಜಲ, ಬೆಲ್ಲ ಮತ್ತು ಕಡಲೆಹಿಟ್ಟು ಅರ್ಧರ್ಧ ಕಿಲೋ, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ ಗೋಣಿ ಮುಚ್ಚಿ, ದಿನಕ್ಕೆರಡು ಸಲ ತಿರುವಿ. ಮೂರನೇ ದಿನದಿಂದ ಬಳಸಿ, ವಾರದೊಳಗೆ ಮುಗಿಸಿ. ಇದನ್ನೇ ನಂಬಿ ಗೊಬ್ಬರ ನಿಲ್ಲಿಸಿದರೆ ಸೊಪ್ಪು ಹಳದಿಯಾಗುತ್ತೆ. ಬಿತ್ತುವಾಗೆಲ್ಲ ಮಡಿಗೆ 15-20 ಕಿಲೋ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು.

ಏರುಮಡಿ: ಕೊಯ್ಲು ಶನಿವಾರ ಸಂಜಿಗೆ, ಬಿಸಲು ಇಳಿದ ಮ್ಯಾಲ. ಹಸಿ ಗೋಣಿಯಾಗ ಸುತ್ತರಿ, ಪ್ಲಾಸ್ಟಿಕ್ ಚೀಲದಾಗ ತುಂಬಿದ್ರ ಒಳಗೇ ಕಾವು ಹಿಡದು ಬೆಳಗಿಗೆ ಕೊಳಿಯಾಕ ಶುರು ಆಗಿರತದ.