ಸಹಾಯ ಬೇಕು: ಹಳೆಯ ವೈರ್ಡ್ ಅಲಾರ್ಮ್‌ಗೆ ಮಾನಿಟರಿಂಗ್ ಜೋಡಣೆ

ಎಂಟು ಝೋನ್‌ಗಳ (ಸೆನ್ಸರ್ ಕಟ್ಟುವ ಪ್ರತ್ಯೇಕ ಸರ್ಕ್ಯೂಟ್‌ಗಳ) ವೈರ್ಡ್ ಪ್ಯಾನೆಲ್. ಸೆನ್ಸರ್, ಸೈರನ್ ಎಲ್ಲ ಸರಿಯಿವೆ. ಅವನ್ನು ಕೀಳದೆ, ಇಂಟರ್ನೆಟ್ ಮತ್ತು 4ಜಿ ಎರಡೂ ಇರುವ ಕಮ್ಯುನಿಕೇಟರ್ (ಅಲಾರ್ಮ್ ಸಂದೇಶ ಕಳಿಸುವ ಸಾಧನ) ಮೂಲಕ ಮಾನಿಟರಿಂಗ್ ಕೇಂದ್ರಕ್ಕೆ ಜೋಡಿಸಬೇಕು. ಪ್ಯಾನೆಲ್‌ನ ಡಯಲರ್ (ಫೋನ್ ಲೈನಿನಲ್ಲಿ ಕರೆ ಮಾಡುವ ಭಾಗ) ಕಾಂಟ್ಯಾಕ್ಟ್ ಐಡಿ ಕಳಿಸುತ್ತದೆ, ಅಂದರೆ ಯಾವ ಝೋನ್, ಏನಾಯಿತು ಎಂಬುದನ್ನು ಟೋನ್‌ಗಳಲ್ಲಿ ಹೇಳುವ ಸಂಕೇತ. ಆದರೆ ಫೋನ್ ಲೈನ್ ಈಗ ಇಂಟರ್ನೆಟ್ ಮೇಲಿನದು. ಧ್ವನಿ ಕಂಪ್ರೆಷನ್‌ನಲ್ಲಿ ಟೋನ್‌ಗಳು ಕೆಟ್ಟು ಕೆಲವು ಸಂದೇಶ ತಲುಪುವುದೇ ಇಲ್ಲ.

ಕಮ್ಯುನಿಕೇಟರನ್ನು ಡಯಲರ್‌ನ ಟಿಪ್, ರಿಂಗ್‌ಗೆ (ಫೋನ್ ಲೈನಿನ ಎರಡು ತಂತಿಗಳಿಗೆ) ಕಟ್ಟಿದರೆ ಝೋನ್ ವಿವರ ಹೋಗುತ್ತದೆ, ಸರಿ. ಮೊಬೈಲಿನಿಂದ ಆರ್ಮ್ ಮಾಡಲು (ಕಾವಲಿಗೆ ಹಾಕಲು) ಮಾತ್ರ ಒಂದು ಕೀಸ್ವಿಚ್ ಝೋನ್ (ಸ್ವಿಚ್ಚಿನಂತೆ ಆರ್ಮ್ ಮಾಡುವ ಝೋನ್) ಬೇಕು, ಖಾಲಿ ಯಾವುದೂ ಇಲ್ಲ. ಎರಡು ಕಿಟಕಿಗಳನ್ನು ಸೀರೀಸ್‌ನಲ್ಲಿ ಒಂದೇ ಝೋನಿಗೆ ತಂದು, ಝೋನಿನ ತಂತಿ ಸರಿಯಿದೆ ಎಂದು ಪ್ಯಾನೆಲ್‌ಗೆ ತಿಳಿಸುವ 5.6 ಕಿಲೋಓಮ್ ರೆಸಿಸ್ಟರ್ ಒಂದನ್ನೇ ಕೊನೆಯ ಸೆನ್ಸರ್‌ನಲ್ಲಿ ಉಳಿಸುವುದೋ, ಕೀಪ್ಯಾಡ್ ಬಸ್‌ಗೆ (ಪ್ಯಾನೆಲ್ ಮತ್ತು ಕೀಪ್ಯಾಡ್ ನಡುವಿನ ಡೇಟಾ ತಂತಿಗಳಿಗೆ) ಕೂರುವ ಮಾಡ್ಯೂಲ್ ಹಾಕುವುದೋ?

ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್. ಈಗಿನ 350 ಮಿಲಿಆಂಪ್ ಹೊರೆಗೆ ಕಮ್ಯುನಿಕೇಟರ್‌ನ 120 ಸೇರಿದರೆ ಕಾಗದದ ಮೇಲೇ 15 ಗಂಟೆ. ಕಮ್ಯುನಿಕೇಟರ್‌ಗೆ ಬೇರೆ ಬ್ಯಾಟರಿ ಕೊಟ್ಟವರಿದ್ದರೆ ನೆಗೆಟಿವ್ ಎರಡಕ್ಕೂ ಒಂದೇ ಮಾಡಿದಿರಾ, ತಿಳಿಸಿ. ಪ್ಯಾನೆಲ್ ಸೆಟ್ಟಿಂಗ್ ಬದಲಿಸುವ ಇನ್‌ಸ್ಟಾಲರ್ ಕೋಡ್ ಇದೆ, ರೀಸೆಟ್ ಸಲಹೆ ಬೇಡ.